ಹನ್ನೊಂದು ಗೀಟು

ಮಹಾಬಲ ಹರಿಗೋಲಿನಲ್ಲಿ ಹೊಳೆ ದಾಟಿ ಗುರುಗಳ ಬಳಿಗೆ ಬಂದ. ಕಂಕುಳಲ್ಲಿ ಅವನ ಪಿಎಚ್.ಡಿ. ಪ್ರಬಂಧವಿತ್ತು.

ಗುರು ಚೆನ್ನವೀರಯ್ಯ ಮೂವತ್ತು ವರ್ಷ ಮಾನವಶಾಸ್ತ್ರ ಕಲಿಸಿ, ಈಗ ದಡದ ಮೇಲಿನ ಒಂದು ಕೋಣೆಯಲ್ಲಿದ್ದರು. ಜನ ಅದನ್ನು ಆಶ್ರಮ ಎನ್ನುತ್ತಿದ್ದರು. ಶೀಟಿನ ಮಾಡು, ಒಂದು ಬೆಂಚು, ಅಷ್ಟೆ.

ಪ್ರಬಂಧ ಒಪ್ಪಿಸಲು ಮರುದಿನ ಮಧ್ಯಾಹ್ನವೇ ಕೊನೆ. ಗಡುವನ್ನು ಆಗಲೇ ಮೂರು ಸಲ ಮುಂದೂಡಿದ್ದರು. ನಾಲ್ಕನೆಯದು ಇಲ್ಲವೆಂದು ಪತ್ರ ಬಂದಿತ್ತು. ಗುರುಗಳ ಸಹಿ ಇಲ್ಲದಿದ್ದರೆ ಐದು ವರ್ಷ ನೀರುಪಾಲು. ಮಹಾಬಲ ಬೆಂಚಿನ ತುದಿಯಲ್ಲಿ ಕೂತು ಗಳಿಗೆಗೊಮ್ಮೆ ಗಡಿಯಾರ ನೋಡಿದ.

ಪ್ರಬಂಧದ ವಿಷಯ ಆಚೆ ದಡದ ಅಂಬಿಗರ ಕೇರಿಯ ವಿಧವೆಯರ ಮೌನ. ಸತ್ತ ಗಂಡನ ಹೆಸರನ್ನು ಅವರು ಎಂದೂ ಹೇಳುವುದಿಲ್ಲ. ಈ ಮೌನ ಕುಲವನ್ನು ಒಗ್ಗೂಡಿಸುತ್ತದೆ ಎಂದು ಕಾರ್ಯವಾದದ ಅಧ್ಯಾಯ ಹೇಳುತ್ತಿತ್ತು. ರಚನಾವಾದದ ಅಧ್ಯಾಯಕ್ಕೆ ಮಾತು ಬದುಕಾದರೆ ಮೌನ ಸಾವು. ಅಧಿಕಾರದ ಅಧ್ಯಾಯದ ಪ್ರಕಾರ ಅದು ಗಂಡಸರ ಆಳ್ವಿಕೆ. ಆ ವಿಧವೆಯರು ಕುಂಕುಮ, ಬಳೆ, ತಾಳಿ ಬಿಟ್ಟಿರಲಿಲ್ಲ. ಅದು ಸದ್ದಿಲ್ಲದ ಪ್ರತಿರೋಧವೆಂದು ಸಂಕೇತಗಳ ಅಧ್ಯಾಯ ನಲವತ್ತು ಪುಟ ವಾದಿಸಿತ್ತು. ವಿಚಾರಸಂಕಿರಣವೊಂದರಲ್ಲಿ ಅದಕ್ಕೆ ಚಪ್ಪಾಳೆಯೂ ಬಿದ್ದಿತ್ತು.

"ಕೊನೆಗೆ ಯಾವ ಸಿದ್ಧಾಂತದ ಪರ ನಿಲ್ಲಲಿ ಸರ್? ಅದೊಂದೇ ಭಯ."

ಗುರುಗಳು ವಂಶವೃಕ್ಷದ ಪುಟ ತೆಗೆದರು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ. ಸತ್ತವರ ಮೇಲೆ ಓರೆ ಗೀಟು. ಹನ್ನೊಂದು ತ್ರಿಕೋನಗಳ ಮೇಲೆ ಹನ್ನೊಂದು ಗೀಟು.

"ಇವರು ಸತ್ತಿದ್ದಾರೆ ಅಂತ ಯಾರು ಹೇಳಿದರು?"

ಯಾರೂ ಹೇಳಿರಲಿಲ್ಲ. ಗಂಡನ ಹೆಸರು ಕೇಳಿದಾಗ ಆ ಹೆಂಗಸರು ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದ್ದರು. ಸತ್ತವರ ಹೆಸರು ಹೇಳದ ಕುಲಗಳ ಬಗ್ಗೆ ಮಹಾಬಲ ಬೇಕಾದಷ್ಟು ಓದಿದ್ದ.

"ಕೇರಿಯ ಗಂಡಸರನ್ನು ಕೇಳಲಿಲ್ಲವೋ?"

ಅವರು ಹಗಲೆಲ್ಲ ಹೊಳೆಯ ಮೇಲಿರುತ್ತಿದ್ದರು. ಇವನ ಬಸ್ಸು ಐದಕ್ಕೆ ಹೊರಡುತ್ತಿತ್ತು.

"ನಿಮ್ಮ ತಾಯಿ ನಿಮ್ಮ ತಂದೆಯನ್ನ ಏನಂತ ಕರೀತಾರೆ?"

"ಕರೆಯೋದಿಲ್ಲ ಸರ್. 'ಇವರು' ಅಂತಾರೆ. ಹೆಸರು ಹೇಳಲ್ಲ."

"ಅವರು ತೀರಿಕೊಂಡು ಎಷ್ಟು ವರ್ಷವಾಯಿತು?"

"ಇಲ್ಲ ಸರ್, ಬೆಳಿಗ್ಗೆ ಅಪ್ಪನೇ ಫೋನ್..." ಮಹಾಬಲ ಪುಟದ ಗೀಟುಗಳತ್ತ ನೋಡಿದ.

ಆಮೇಲೆ ಅವನು, ಒಂದೆರಡು ಕಡೆ ತಪ್ಪಾಗಿದ್ದರೂ ಒಟ್ಟು ವಾದಕ್ಕೆ ಧಕ್ಕೆಯಿಲ್ಲ ಎಂದ. ಅಡಿಟಿಪ್ಪಣಿ ಹಾಕಬಹುದು ಎಂದ. ಪರೀಕ್ಷಕರು ಆ ಪುಟ ನೋಡುವುದೇ ಇಲ್ಲ ಎಂದೂ ಹೇಳಿದ. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು.

ಗುರುಗಳು ಪೆನ್ನಿನ ಮುಚ್ಚಳ ತೆಗೆದರು. ಮಹಾಬಲ ಉಸಿರು ಬಿಟ್ಟ.

ಅವರು ಸಹಿ ಹಾಕಲಿಲ್ಲ. ಪೆನ್ನು ಕೈಯಲ್ಲೇ ಹಿಡಿದು, ದಡದಲ್ಲಿ ಬೀಡಿ ಸೇದುತ್ತಿದ್ದ ಅಂಬಿಗನನ್ನು ಕರೆದರು. ಮಹಾಬಲನನ್ನು ದಾಟಿಸಿದವನು ಅವನೇ. ಹೆಸರು ಹುಚ್ಚೀರ. ಮನೆ ಎಲ್ಲಿ ಎಂದು ಗುರುಗಳು ಕೇಳಿದರು.

"ಕೇರಿ ಕೊನೇಗೆ ಸ್ವಾಮಿ, ಹುಣಸೇಮರದ ಪಕ್ಕ. ಈ ಸ್ವಾಮಿ ನಮ್ಮನೇಗೆ ಬಂದು ಮಜ್ಜಿಗೆ ಕುಡಿದ್ರಂತೆ, ನಮ್ಮೆಂಡ್ರು ಹೇಳ್ತಿತ್ತು. ಪಾಪ, ಬರೆದೂ ಬರೆದೂ ಕೈ ನೋಯ್ತದೇನೋ ಅಂತಿತ್ತು."

ಮಹಾಬಲನಿಗೆ ಆ ಮಜ್ಜಿಗೆ ನೆನಪಿತ್ತು. ಹುಣಸೇಮರದ ಮನೆ, ಏಳನೆಯ ವಿಧವೆ. ಪ್ರತಿರೋಧದ ಅಧ್ಯಾಯ ಶುರುವಾಗುವುದೇ ಆಕೆಯ ಕುಂಕುಮದಿಂದ.

ಗುರುಗಳು 'ಹುಣಸೇಮರದ ಮನೆ' ಎಂದು ಬರೆದಿದ್ದ ಏಳನೆಯ ತ್ರಿಕೋನದ ಮೇಲೆ ಬೆರಳಿಟ್ಟರು. "ಹುಚ್ಚೀರ, ಇದು ನೀನು. ನಮ್ಮ ಹುಡುಗ ಬರೆದಿದ್ದು."

ಹುಚ್ಚೀರ ಕೈ ಒರೆಸಿಕೊಂಡು ಬಗ್ಗಿ ನೋಡಿದ. ತನ್ನನ್ನೂ ಪುಸ್ತಕಕ್ಕೆ ಸೇರಿಸಿದ್ದಾರೆಂದು ಅವನ ಮುಖ ಅರಳಿತು.

"ನನ್ ಮ್ಯಾಲೆ ಈ ಗೀಟು ಯಾಕೆ ಸ್ವಾಮಿ?"

ಮಹಾಬಲ ಅಂಗಿಯ ತುದಿ ಸರಿಮಾಡಿಕೊಂಡ. ಹೊಳೆಯ ಕಡೆ ನೋಡಿದ.

ಹುಚ್ಚೀರ ಕಾದ. ಮತ್ತೆ ಅದನ್ನೇ ಕೇಳಿದ.

ಗುರುಗಳು ಪೆನ್ನನ್ನು ಹಾಳೆಯ ಮೇಲೆ, ಗೀಟು ಎಳೆಯುವವರಂತೆ ಓರೆಯಾಗಿ ಹಿಡಿದರು.

"ಹೇಳು ಮಹಾಬಲ. ನೀನು ಸುಮ್ಮನಿದ್ದರೆ ನಾನು ಏನಂತ ಬರೆದುಕೊಳ್ಳಲಿ?"