ಟಿಟ್ಟಿಭ ಗೂಡು ಬಿಟ್ಟದ್ದು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದಾಗಿನ ಮಾತು. ನದಿಗಳು ದಾರಿ ಹುಡುಕುತ್ತಿದ್ದವು, ಗಾಳಿ ಮಾತು ಕಲಿಯುತ್ತಿತ್ತು. ಮನುಷ್ಯರು ಮಾತ್ರ ಆಗಲೇ ಜಗಳ ಕಲಿತಾಗಿತ್ತು.

ಮೇಲ್ಸೀಮೆಯ ಈಟಿಯವರಿಗೂ ಕೆಳಸೀಮೆಯ ಬಿಲ್ಲಿನವರಿಗೂ ಆಗುತ್ತಿರಲಿಲ್ಲ. ಹೊಡೆದಾಡಿ ಸುಸ್ತಾಗಿ, ನಡುವೆ ಒಂದು ಬಯಲನ್ನು ಖಾಲಿ ಬಿಟ್ಟರು. ಅತ್ತಲೂ ಇತ್ತಲೂ ಹಗಲಿರುಳು ಕಾವಲು. ಬಯಲಿನಲ್ಲಿ ಯಾರೂ ಏನೂ ಕಟ್ಟಬಾರದೆಂದು ಕಟ್ಟಳೆ. ಕಡ್ಡಿಯ ಮೇಲೆ ಕಡ್ಡಿ ಇಟ್ಟರೂ ಕಟ್ಟಿದಂತೆಯೇ, ನೆಲ ನಮ್ಮದೆಂದು ಸಾರಿದಂತೆಯೇ.

ಆ ಬಯಲು ದಾಟಲು ಉಪ್ಪಿನ ವ್ಯಾಪಾರಿ ಬೊಮ್ಮಿಸೆಟ್ಟಿಯನ್ನು ಮಾತ್ರ ಬಿಡುತ್ತಿದ್ದರು. ಎಷ್ಟೇ ಹಗೆಯಿದ್ದರೂ ಸಪ್ಪೆ ಸಾರು ಯಾರಿಗೂ ಇಳಿಯುವುದಿಲ್ಲವಲ್ಲ.

ಒಂದು ಬೆಳಿಗ್ಗೆ ಸೆಟ್ಟಿ ಕತ್ತೆ ಹೊಡೆದುಕೊಂಡು ಬಂದಾಗ ಬಯಲಲ್ಲಿ ಗದ್ದಲ. ಟಿಟ್ಟಿಭ ಹಕ್ಕಿ ಗೂಡು ಕಟ್ಟಿತ್ತು.

"ಕಡ್ಡಿ ಇಟ್ಟೋರು ನೀವೇ!" ಎಂದರು ಈಟಿಯವರು.

"ನಾವಲ್ಲ, ನೀವೇ! ಹಕ್ಕಿ ಕೈಲಿ ಕೋಟೆ ಕಟ್ಟಿಸ್ತೀರಾ? ನಾಚಿಕೆ ಇಲ್ವಾ?" ಎಂದರು ಬಿಲ್ಲಿನವರು.

ಬಾಣ ಬಂತು, ಈಟಿ ಹೋಯಿತು. ಗೂಡು ಚೆಲ್ಲಾಪಿಲ್ಲಿ. ಸೆಟ್ಟಿಯ ಮೂಟೆಗೂ ಬಾಣ ತಾಗಿ ಉಪ್ಪು ಸೋರಿತು.

ಟಿಟ್ಟಿಭ ಮತ್ತೆ ಕಟ್ಟಿತು. ಮತ್ತೆ "ನೀವೇ!" ಮತ್ತೆ "ನೀವೇ!" ಮತ್ತೆ ಗೂಡು ಚೆಲ್ಲಾಪಿಲ್ಲಿ.

"ಸೆಟ್ಟರೇ, ನಾಳೆಯೋ ನಾಡಿದ್ದೋ ಮೊಟ್ಟೆ ಇಡಬೇಕು. ಏನು ಮಾಡಲಿ?" ಎಂದಿತು ಟಿಟ್ಟಿಭ. ಆಗ ಅದರದು ಪಿಸುದನಿ. ಸೆಟ್ಟಿ ಬಗ್ಗಿ ಕೇಳಬೇಕಾಯಿತು.

"ಬೇರೆ ಕಡೆ ಹೋಗಮ್ಮ."

"ಬೇರೆ ಕಡೆ ಮನುಷ್ಯರ ಕಾಲು, ದನದ ಕಾಲು. ಯಾರೂ ತುಳಿಯದ ನೆಲ ಇದೊಂದೇ."

ಸೆಟ್ಟಿಗೆ ಕನಿಕರವೇನೂ ಉಕ್ಕಲಿಲ್ಲ. ಆದರೆ ಯುದ್ಧ ಹತ್ತಿಕೊಂಡರೆ ದಾರಿ ಮುಚ್ಚುತ್ತದೆ, ಉಪ್ಪು ಮೂಟೆಯಲ್ಲೇ ಕರಗುತ್ತದೆ.

"ನೋಡು ತಾಯಿ, ಕಟ್ಟಿದರೆ ತಾನೆ ಕೆಡವೋದು? ಕಟ್ಟಲೇಬೇಡ. ಬರಿ ನೆಲದ ಮೇಲಿಡು."

"ಎಲ್ಲರಿಗೂ ಕಾಣೋಲ್ವಾ?"

"ಬೆಲೆ ಬಾಳೋ ಸರಕನ್ನ ಹೊಳಪು ಮಾಡಿ ಯಾರಾದ್ರೂ ದಾರೀಲಿ ಹೊತ್ಕೊಂಡು ಹೋಗ್ತಾರಾ? ಮಣ್ಣು ಮೆತ್ತು. ಕಲ್ಲಿನ ನಡುವೆ ಕಲ್ಲಿನ ಹಾಗಿರಲಿ."

"ಗೊತ್ತಿಲ್ಲದೆ ತುಳಿದ್ರೆ?"

"ಅರಚು. ಅತ್ತಲಿಂದ ಬರಲಿ, ಇತ್ತಲಿಂದ ಬರಲಿ, ಒಂದೇ ಸಮ ಅರಚು. ನನ್ನ ಸಲಹೆಗೆ ಅದೇ ಬೆಲೆ."

"ನನಗೆ ಗಂಟಲೇ ಇಲ್ಲವಲ್ಲ!"

"ಮೊಟ್ಟೆ ಇಟ್ಟ ಮೇಲೆ ಬರುತ್ತೆ," ಎಂದಿತು ಪಕ್ಕದಲ್ಲೇ ಸುಳಿದ ಗಾಳಿ.

ಟಿಟ್ಟಿಭ ಕಲ್ಲುಗಳ ನಡುವೆ ಮೊಟ್ಟೆಗಳನ್ನಿಟ್ಟು, ಮಣ್ಣು ಮೆತ್ತಿ ಮಣ್ಣುಬಣ್ಣ ಮಾಡಿತು. ಕಾವಲಿನವರು ಕಣ್ಣು ಕಿರಿದು ಮಾಡಿ ನೋಡಿದರು. ಕಡ್ಡಿಯಿಲ್ಲ. ಕಟ್ಟಿದ್ದಿಲ್ಲ. ಸುಮ್ಮನಾದರು.

ಮಂಜು ಮುಸುಕಿದ ಒಂದು ಮುಂಜಾನೆ ಬಿಲ್ಲಿನವರು ಸದ್ದಿಲ್ಲದೆ ಬಯಲಿಗಿಳಿದರು. ಮುಂದಿದ್ದವನ ಪಾದ ಮೊಟ್ಟೆಗಳ ಪಕ್ಕಕ್ಕೇ ಬಂತು. ಎಲ್ಲಿತ್ತೋ ಆ ಗಂಟಲು!

"ಟಿಟ್ಟಿಟ್ಟೀ! ಟಿಟ್ಟಿಟ್ಟೀ!"

ಅತ್ತ ಈಟಿಯವರು ದಡಬಡಿಸಿ ಎದ್ದರು. ಬಿಲ್ಲಿನವರು ಬಂದ ದಾರಿ ಹಿಡಿದರು. ಇನ್ನೊಂದು ಮಂಜಿನಲ್ಲಿ ಈಟಿಯವರು ಇಳಿದರು. ಅವರಿಗೂ ಅದೇ ಅರಚಾಟ, ಅದೇ ಓಟ.

"ಸೆಟ್ಟರೇ, ಈ ಹಕ್ಕಿ ಯಾರ ಕಡೇದು?" ಎಂದು ಈಟಿಯ ನಾಯಕ ಸಿಡುಕಿದ.

"ಮೊಟ್ಟೆ ಕಡೇದು ಸ್ವಾಮಿ. ಉಪ್ಪು ಎಷ್ಟು ಅಳೀಲಿ?"

ವ್ಯಾಪಾರ ಮುಗಿಸಿ ಬಯಲು ದಾಟುವಾಗ ಸೆಟ್ಟಿಯ ತಲೆಯ ಮೇಲೂ ಟಿಟ್ಟಿಭ ಸುತ್ತಿ ಸುತ್ತಿ ಅರಚಿತು.

"ಅಯ್ಯೋ, ಹೇಳಿಕೊಟ್ಟೋನು ನಾನಮ್ಮಾ!"

"ಒಂದೇ ಸಮ ಅಂದೋರೂ ನೀವೇ!"

ಸೆಟ್ಟಿ ಕತ್ತೆಯನ್ನು ಪಕ್ಕಕ್ಕೆ ತಿರುಗಿಸಿದ. ಮೊಟ್ಟೆ ಒಡೆದು ಮರಿಗಳು ಬಂದವು.

ಆ ಸೀಮೆಗಳು ಎಲ್ಲಿದ್ದವೆಂದು ಈಗ ಯಾರಿಗೂ ನೆನಪಿಲ್ಲ. ಆದರೆ ಇವತ್ತಿಗೂ ನೀನು ಕೆರೆಯಂಗಳದಲ್ಲಿ ಕಾಲಿಟ್ಟರೆ ಸಾಕು, ಟಿಟ್ಟಿಭ ತಲೆಯ ಮೇಲೆ ಸುತ್ತಿ ಅರಚುತ್ತದೆ. ಯಾವ ಕಡೆಯಿಂದ ಬಂದೆ ಎಂದು ಅದು ಕೇಳುವುದಿಲ್ಲ, ಕಾಲಬಳಿಯ ಕಲ್ಲುಗಳಲ್ಲಿ ಮೊಟ್ಟೆ ಯಾವುದೆಂದು ನಿನಗೆ ತಿಳಿಯುವುದೂ ಇಲ್ಲ.