ತೆಂಗಿನ ತೋಟದಲ್ಲಿ ಸಭೆ

ಇದನ್ನು ನನಗೆ ಮೊದಲು ಹೇಳಿದವರು ಜಿಲ್ಲಾ ಪಂಚಾಯತಿಯಲ್ಲಿ ಟೈಪಿಸ್ಟ್ ಆಗಿದ್ದ ಸುಗುಣಕ್ಕ.

ಕಡಲ್ಕೊರೆತ ತಡೆಯಲು ಕಲ್ಲಿನ ಗೋಡೆಗೆ ಅನುದಾನ ಬಂದಿತ್ತು, ಅದೂ ಒಂದೇ ಊರಿಗೆ ಸಾಲುವಷ್ಟು. ಅದನ್ನು ಯಾವ ಊರಿಗೆ ಕೊಡುವುದೆಂದು ಕರೆದ ಪಂಚಾಯತಿ ಸಭೆಗೆ ಮೀನು ಮಾರುವ ಹೆಂಗಸೊಬ್ಬಳು ಅರ್ಜಿ ಹಿಡಿದು ಬಂದಳು. ಅವಳ ಅಡುಗೆಮನೆ ಗೋಡೆಗೆ ಆಗಲೇ ತೆರೆ ಬಡಿಯುತ್ತಿತ್ತು. ಮಳೆಗಾಲದೊಳಗೆ ಕಲ್ಲು ಬೀಳದಿದ್ದರೆ ಮನೆ ಉಳಿಯುವಂತಿರಲಿಲ್ಲ.

ಅಧ್ಯಕ್ಷರು ಕನ್ನಡಕ ಏರಿಸಿ ನಕ್ಷೆ ನೋಡಿದರು. "ನಿನ್ನ ಮನೆಗೂ ಕಡಲಿಗೂ ನಡುವೆ ಅರ್ಧ ಎಕರೆ ತೆಂಗಿನ ತೋಟ ಉಂಟಲ್ಲ! ಸರಕಾರದ ದಾಖಲೆ ಸುಳ್ಳು ಹೇಳ್ತದಾ?"

"ಛೇ, ಎಲ್ಲಾದರೂ ಉಂಟಾ ಸ್ವಾಮಿ! ನಾಳೆ ಆ ತೋಟದಲ್ಲೇ ಕೂತು ತೀರ್ಮಾನ ಮಾಡಿ. ತಂಪಾಗಿ ಇರ್ತದೆ."

ಮರುದಿನ ಅಧ್ಯಕ್ಷರು ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು, ಸದಸ್ಯರ ಸಮೇತ ಬಂದರು. ನೋಡಿದರೆ, ಅವಳು ಕಡಲಲ್ಲಿ ಸೊಂಟದುದ್ದ ನೀರಿನಲ್ಲಿ ನಿಂತು ಒಂದು ಮರದ ಕುರ್ಚಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಾಳೆ.

"ಎಂತ ತಮಾಷೆ ಇದು?"

"ತೋಟದ ನಡುಮಧ್ಯ ಸ್ವಾಮಿ. ನಿಮ್ಮ ಸರ್ವೆಯವರೇ ಬೆಳಿಗ್ಗೆ ಅಳೆದು ತೋರಿಸಿದ್ದು. ಬೇಗ ಬಂದು ಕೂತ್ಕೊಳ್ಳಿ, ನನ್ನ ಕೈ ಸೋಲ್ತಾ ಉಂಟು!"

ದಡದಲ್ಲೇ ನಿಂತಿದ್ದ ಸರ್ವೆಯವರು ನೆಲ ನೋಡುತ್ತ, "ಜಾಗ ಅದೇ ಸರ್" ಎಂದರು. ಅಷ್ಟರಲ್ಲಿ ದೊಡ್ಡ ತೆರೆಯೊಂದು ದಡಕ್ಕೇ ಬಂದು ಅಧ್ಯಕ್ಷರ ಪಂಚೆಯನ್ನು ಮೊಣಕಾಲಿನವರೆಗೆ ತೋಯಿಸಿತು. ಸದಸ್ಯರೊಬ್ಬರು ಕಿಸಕ್ಕನೆ ನಕ್ಕರು. ಅಧ್ಯಕ್ಷರು ಮೊದಲು ಕೆಂಪಾದರು, ಆಮೇಲೆ ತಾವೂ ನಕ್ಕುಬಿಟ್ಟರು.

"ಸಾಕು ಮಾರಾಯ್ತಿ, ಮೇಲೆ ಬಾ. ಕಲ್ಲು ಇಲ್ಲಿಗೇ ಅಂತ ಬರ್ಕೊಳ್ಳಿ!"

ವಾರದಲ್ಲಿ ಮೊದಲ ಲಾರಿ ಕಲ್ಲು ಬಂತು. ಅವತ್ತು ಅವಳು ಅಡುಗೆಮನೆಯಲ್ಲೇ ಕಾಲು ಚಾಚಿ, ಹಾಡುಹಗಲಲ್ಲಿ ಗೊರಕೆ ಹೊಡೆದಳಂತೆ.

ನಿಮ್ಮ ಕಡೆಯೂ ನಕ್ಷೆ ನೋಡಿಯೇ ಊರು ಆಳುವವರು ಇದ್ದರೆ, ಅವರ ಕಿವಿಗೆ ಬೀಳುವ ಹಾಗೆ ಇದನ್ನು ನಾಲ್ಕು ಜನಕ್ಕೆ ಹೇಳಿ.