ಮಾತಾಡಿಸೋ ಗುಡ್ಡ

ಹಿರೇಗೊಂದಿಯ ಸಂತೆ ಮೈದಾನದಲ್ಲಿ ಬಡಗಣ ದಿಕ್ಕಿಗೆ ಮುಖ ಮಾಡಿ ನಿಂತರೆ, ಉಪಕಾರಾಗೃಹದ ಗೋಡೆಯ ಹಿಂದೆ ಒಂದು ಬೋಳುಗುಡ್ಡ ಕಾಣುತ್ತದೆ. ಅದರ ನೆತ್ತಿಯಲ್ಲಿ ಮುರಿದ ಬುರುಜು, ಬುರುಜಿನ ಬುಡದಲ್ಲಿ ಒಂದು ಹಗೇವು. ಪಾಳೆಯಗಾರರ ಕಾಲದಲ್ಲಿ ಕಾಳು ತುಂಬಿಡಲೆಂದು ಬಂಡೆ ಕೊರೆದು ಮಾಡಿದ ಗುಳಿ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು ಅಗಲ. ಹೊರಗಿನಿಂದ ಬಂದವರು ಅದರೊಳಗೆ ಒಮ್ಮೆ ಕೂ ಎಂದು ಕೂಗಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಇಳಿದುಹೋಗುತ್ತಾರೆ. ಊರಿನವರು ಕೂಗುವುದಿಲ್ಲ. ಸುತ್ತಲಿನ ಗುಡ್ಡಗಳಿಗೆ ವೀರರ ಹೆಸರಿದೆ, ದೇವರ ಹೆಸರಿದೆ. ಈ ಗುಡ್ಡಕ್ಕೆ ಮಾತಾಡಿಸೋ ಗುಡ್ಡ ಎಂಬ ಹೆಸರು ಹೇಗೆ ಬಂತೆಂದು ಯಾರಾದರೂ ಕೇಳಿದರೆ, ಹಿರಿಯರು ಮೊದಲು ಎಲೆಯಡಿಕೆ ಚೀಲ ಹುಡುಕುತ್ತಾರೆ. ಮೀಸೆ ತಿರುವಿ ಹೇಳಿಕೊಳ್ಳುವಂಥ ಕಥೆಯಲ್ಲ ಇದು.

ಹಿಂದೆ ಒಮ್ಮೆ, ಕೋಟೆಯೊಳಗೆ ಹೊಸ ಕಣಜ ಕಟ್ಟಿದ ಮೇಲೆ, ಈ ಹಗೇವನ್ನು ಸೆರೆಮನೆ ಮಾಡಿದರಂತೆ. ಅದರ ಕಾವಲಿಗೆ ಇದ್ದವನು ಸೂರಯ್ಯ. ಕೆಟ್ಟವನೇನಲ್ಲ, ಎಮ್ಮೆಗೆ ಉಣ್ಣಿ ಹತ್ತಿದರೆ ತಾನೇ ಕುಳಿತು ಕೀಳುವಂಥ ಮನುಷ್ಯ. ಬೆಳಿಗ್ಗೆ ಬಾಯಿಯ ಬಂಡೆ ಸರಿಸಿ, ಅಂಬಲಿಯ ಮಡಕೆಯನ್ನು ಹಗ್ಗದಲ್ಲಿ ಇಳಿಸಿ, ತುಸು ಹೊತ್ತು ಬಿಟ್ಟು ಮೇಲಕ್ಕೆಳೆಯುವುದು ಅವನ ಕೆಲಸ. ಮಡಕೆ ಬರಿದಾಗಿ ಬಂದರೆ ಒಳಗಿನವರೆಲ್ಲ ಕ್ಷೇಮ. ಅಂಬಲಿ ಉಳಿದು ಬಂದರೆ ಯಾರಿಗೋ ಮೈ ಸರಿಯಿಲ್ಲ, ಪಂಡಿತನನ್ನು ಕರೆಸಬೇಕು. ಪಾಳೆಯಗಾರನ ಪಾರುಪತ್ಯಗಾರ ಮಾಡಿಟ್ಟ ಕಟ್ಟಳೆ ಇದು. ಆ ಮಹಾರಾಯನೇ ಇನ್ನೊಂದು ಕಟ್ಟಳೆಯನ್ನೂ ಮಾಡಿದ್ದ: ಎಷ್ಟು ಅಂಬಲಿ ಉಳಿಯಿತೋ ಅಷ್ಟನ್ನು ಮಾರನೆಯ ದಿನದಿಂದ ಕಡಿಮೆ ಮಾಡಬೇಕು, ದಂಡವಾಗಬಾರದು. ಎರಡನ್ನೂ ಒಟ್ಟಿಗಿಟ್ಟು ನೋಡುವ ಪುರಸೊತ್ತು ಯಾರಿಗೂ ಆಗಲಿಲ್ಲ.

ಪಾಳೆಯಗಾರನ ಕುದುರೆಗಳಿಗೆಂದು ಬಿಟ್ಟಿದ್ದ ಹುಲ್ಲಿಗೆ ಕುರಿ ನುಗ್ಗಿಸಿದನೆಂದು ಈರಬಡಪ್ಪನೆಂಬ ಕುರುಬನನ್ನು ಆ ವರ್ಷ ಹಗೇವಿಗೆ ಇಳಿಸಿದ್ದರು. ಒಳಗೆ ಅವನ ಜೊತೆಗೆ ಇನ್ನಿಬ್ಬರಿದ್ದರು. ಚಳಿ ಕಚ್ಚಿದ ಹೊತ್ತಿಗೆ ಈರಬಡಪ್ಪನಿಗೆ ಜ್ವರ ಏರಿತು. "ಅಣ್ಣಾ, ಈರಬಡಪ್ಪಗೆ ಮೈ ಸುಡ್ತೈತೆ, ಪಂಡಿತ್ರನ್ನ ಕರ್ಸು" ಎಂದು ಕೆಳಗಿನಿಂದ ಕೂಗಿದರು. ಸೂರಯ್ಯನಿಗೆ ಕೂಗು ಕೇಳಿಸಿತು. ಆದರೆ ಹಿಂದಿನ ಬೇಸಿಗೆಯಲ್ಲಿ ಒಬ್ಬ ಖೈದಿ ಹೊಟ್ಟೆನೋವೆಂದು ನರಳಿ, ಮೇಲಕ್ಕೆಳೆದ ಕೂಡಲೇ ಓಡಿಹೋಗಿದ್ದ; ಪಾರುಪತ್ಯಗಾರನ ಮುಂದೆ ತಲೆ ತಗ್ಗಿಸಿ ಬೈಸಿಕೊಂಡದ್ದನ್ನು ಸೂರಯ್ಯ ಇನ್ನೂ ಮರೆತಿರಲಿಲ್ಲ. ಅವನು ಮಡಕೆಯನ್ನು ನೋಡಿದ. ತೊಳೆದಿಟ್ಟಂತಿತ್ತು. "ಮಡಕೆ ನೆಕ್ಕಿ ಕಳ್ಸಿ ಕಾಯ್ಲೆ ಅಂತೀರಾ?" ಎಂದು ಬಂಡೆ ಮುಚ್ಚಿದ. ಹಟ್ಟಿಯಿಂದ ಈರಬಡಪ್ಪನ ಹೆಂಡತಿ ಬೊಮ್ಮಕ್ಕ ಗುಡ್ಡ ಹತ್ತಿ ಬಂದು ಕೇಳಿದಾಗಲೂ ಅದೇ ಮಾತು: "ಚೆನ್ನಾಗವ್ನೆ ಕಣಮ್ಮ. ಉಣ್ತಾವ್ನೆ." ಅವಳು ಸೋರೆಬುರುಡೆಯಲ್ಲಿ ನೆಲಬೇವಿನ ಕಷಾಯ ತಂದಿದ್ದಳು. "ಚಳಿಗಾಲ ಬಂದ್ರೆ ಅವ್ರಿಗೆ ಜ್ವರ ತಪ್ಪಿದ್ದಲ್ಲ. ಇದೊಂದು ಇಳಿಸಣ್ಣ" ಎಂದು ಕೈಗಿಟ್ಟಳು. ಸೂರಯ್ಯ ಹೂಂ ಎಂದು ಬುರುಡೆಯನ್ನು ಬುರುಜಿನ ಗೂಟಕ್ಕೆ ತೂಗುಹಾಕಿದ. ಅಂಬಲಿಯ ಹೊರತು ಬೇರೇನನ್ನು ಇಳಿಸಬೇಕಾದರೂ ಪಾರುಪತ್ಯಗಾರನ ಅಪ್ಪಣೆ ಬೇಕು. ಕೇಳಲು ಹೋದರೆ ಓಡಿಹೋದವನ ಮಾತು ಬರುತ್ತದೆ. ನಾಳೆ ಕೇಳೋಣ ಎಂದುಕೊಂಡ. ಮರುದಿನವೂ ಹಾಗೆಯೇ ಅಂದುಕೊಂಡ. ಕೆಳಗಿನ ಕೂಗು ಕ್ಷೀಣವಾಗಿ, ಆಮೇಲೆ ನಿಂತೇಹೋಯಿತು. ಗುಣವಾಗಿರಬೇಕು ಅಂದುಕೊಂಡ. ಹಾಗೆ ಅಂದುಕೊಳ್ಳುವುದು ಅವನಿಗೆ ಬಹಳ ಅನುಕೂಲವಾಗಿತ್ತು.

ಮುಂದಿನ ಸಂತೆಯ ದಿನ ಬೊಮ್ಮಕ್ಕ ಮತ್ತೆ ಬಂದಳು. ಬುರುಡೆ ಗೂಟದಲ್ಲೇ ಇತ್ತು. ಕೆಳಗಿಳಿಸಿ ಅಲುಗಾಡಿಸಿ ನೋಡಿದಳು, ತುಂಬಿತ್ತು. ಅವಳು ದನಿ ಏರಿಸಲಿಲ್ಲ. "ಅವ್ರನ್ನ ಒಂದ್ಸಲನಾದ್ರೂ ಮಾತಾಡಿಸಿದ್ಯಾ ಅಣ್ಣಾ?" ಎಂದಳು. ಕಾಯಿಲೆಯವರ ಹತ್ತಿರ ಹೋಗಿ ಹೇಗಿದ್ದೀರಿ ಎಂದು ವಿಚಾರಿಸುವುದಕ್ಕೆ ಈ ಕಡೆ ಮಾತಾಡಿಸುವುದು ಎನ್ನುತ್ತಾರೆ; ಹಗೆಯ ಮನೆಯಲ್ಲಿ ಜ್ವರವಿದ್ದರೂ ಮಾತಾಡಿಸದೆ ಇರುವವರಿಲ್ಲ. ಸೂರಯ್ಯ ಇಷ್ಟು ದಿನ ಒಮ್ಮೆಯಾದರೂ ಗುಳಿಗೆ ಬಗ್ಗಿ ಹೆಸರು ಹಿಡಿದು ಕೇಳಿರಲಿಲ್ಲ. ಬಂಡೆ ಸರಿಸಿ, ಬುರುಜಿನ ಕಲ್ಲಿಗೆ ಹಗ್ಗ ಕಟ್ಟಿ, ತಾನೇ ಇಳಿದ. ಈರಬಡಪ್ಪ ಗೋಡೆಯ ಬದಿಗೆ ಮಲಗಿದ್ದ, ಅವನ ಕಂಬಳಿಯನ್ನೇ ಮುಖಕ್ಕೆ ಹೊದಿಸಿದ್ದರು. "ನಿನ್ನೆ ಹೋದ" ಎಂದನು ಜೊತೆಯವನೊಬ್ಬ. "ಅವ್ನ ಪಾಲೂ ನಾವೇ ಉಂಡ್ವಿ. ಉಳಿಸಿದ್ರೆ ನಾಳೆ ಕಮ್ಮಿ ಮಾಡ್ತಿದ್ರಿ." ಹೇಳಿದವನು ಸೂರಯ್ಯನ ಮುಖ ನೋಡಲಿಲ್ಲ. ಸೂರಯ್ಯನಿಗೂ ಅವನ ಮುಖ ನೋಡಲಾಗಲಿಲ್ಲ.

ವಿಚಾರಣೆಯಾಯಿತು. ಮಡಕೆ ಬರಿದಾಗಿಯೇ ಬಂದಿತ್ತಾದ್ದರಿಂದ ಕಾವಲಿನವನದೇನೂ ತಪ್ಪಿಲ್ಲವೆಂದು ಪಾರುಪತ್ಯಗಾರ ತೀರ್ಪು ಕೊಟ್ಟ. ಸೂರಯ್ಯನ ಮನೆಯವರಿಗೆ ನೆಮ್ಮದಿಯಾಯಿತು. ಸೂರಯ್ಯನಿಗೆ ಮಾತ್ರ, ನಾಲ್ಕು ಛಡಿಯೇಟು ಬಿದ್ದಿದ್ದರೆ ಊರಿನಲ್ಲಿ ತಲೆಯೆತ್ತಿ ನಡೆಯಬಹುದಿತ್ತು ಅನ್ನಿಸಿತಂತೆ. ಅಂದಿನಿಂದ ಅವನು ಮಡಕೆ ಇಳಿಸುವ ಮೊದಲು ಮೊಣಕಾಲೂರಿ ಒಬ್ಬೊಬ್ಬರ ಹೆಸರು ಹಿಡಿದು ಕೇಳತೊಡಗಿದ. ಪಾಳೆಯಪಟ್ಟು ಅಳಿದು ಹಗೇವು ಬರಿದಾದ ಮೇಲೂ ದಿನಾ ಹತ್ತಿ ಬಂದು, "ಈರಬಡಪ್ಪಾ, ಮೈ ಹೆಂಗೈತಪ್ಪಾ?" ಎಂದು ಕೇಳಿ, ಕಿವಿಗೊಟ್ಟು ಕಾಯುತ್ತಿದ್ದ. ಮುಪ್ಪಿನಲ್ಲಿ ಅವನೇ ಹಾಸಿಗೆ ಹಿಡಿದಾಗ, ಸುದ್ದಿ ಕೇಳಿ ಬೊಮ್ಮಕ್ಕ ಹಟ್ಟಿಯಿಂದ ನಡೆದುಬಂದಳು. ಹೊಸ್ತಿಲ ಬಳಿ ಕುಳಿತು, "ಮೈ ಹೆಂಗೈತಣ್ಣಾ?" ಎಂದಳು. ಸೂರಯ್ಯ ಗೋಡೆಯ ಕಡೆ ತಿರುಗಿ ಕಂಬಳಿಯನ್ನು ಮುಖದ ಮೇಲೆಳೆದುಕೊಂಡ. ಅವಳು ಸ್ವಲ್ಪ ಹೊತ್ತು ಕಾದು ಎದ್ದುಹೋದಳು. ಅವನು ತೀರಿಕೊಂಡ ಮೇಲೆ ಊರಿನವರು ಹಗೇವಿನ ಬಾಯಿಗೆ ಹೋಗಿ ಕೇಳುವುದನ್ನು ಮುಂದುವರಿಸಿದರು, ಗುಡ್ಡಕ್ಕೆ ಹೆಸರು ಬಿದ್ದದ್ದು ಅದರಿಂದಲೇ ಎನ್ನುತ್ತಾರೆ.

ಇಂದಿಗೂ ಭೇಟಿಯ ದಿನ ಕೆಳಗಿನ ಉಪಕಾರಾಗೃಹದ ಬಾಗಿಲಿನಲ್ಲಿ ಹೆಂಗಸರು ಮಾತ್ರೆಯ ಚೀಟಿ ಹಿಡಿದು ನಿಂತಿರುತ್ತಾರೆ. ಒಳಗಿರುವವನ ಕೆಮ್ಮು ಹೇಗಿದೆ, ಡಾಕ್ಟರು ನೋಡಿದರೇ ಎಂದು ಕೇಳುತ್ತಾರೆ. ಕಿಂಡಿಯಿಂದ ಉತ್ತರ ಬರುತ್ತದೆ: "ಚೆನ್ನಾಗವ್ನೆ ಕಣಮ್ಮ. ಉಣ್ತಾವ್ನೆ." ಈ ಕಥೆ ತಿಳಿಯದವರು ಹಿರೇಗೊಂದಿಯಲ್ಲಿ ಒಬ್ಬರೂ ಇಲ್ಲ; ಆದರೂ ಆ ಮಾತು ಕಿವಿಗೆ ಬಿದ್ದರೆ ಸಂತೆಯ ಚೀಲ ಕೈ ಬದಲಿಸಿಕೊಂಡು ದಾಟಿಹೋಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಆ ಹೆಂಗಸರಲ್ಲಿ ಒಬ್ಬಿಬ್ಬರು ಗುಡ್ಡ ಹತ್ತುವುದು ಮೈದಾನದಿಂದಲೇ ಕಾಣುತ್ತದೆ. ಹಗೇವಿನ ಬಾಯಲ್ಲಿ ಮೊಣಕಾಲೂರಿ, ತಮ್ಮವನ ಹೆಸರು ಹಿಡಿದು ಮೈ ಹೇಗಿದೆಯೆಂದು ಕೇಳುತ್ತಾರೆ. ಆಮೇಲೆ ಕಿವಿಗೊಟ್ಟು ಕಾಯುತ್ತಾರೆ.